ಕತ್ತಲಲ್ಲಿರುವ ಮಗುವಿಗೆ ಹಗಲೇನು, ರಾತ್ರಿಯೇನು?

"ಮಗು ಒಳಗೆ ಕತ್ತಲಲ್ಲೇ ಇರ್ತದಲ್ಲ ಡಾಕ್ಟ್ರಮ್ಮ, ಅದಕ್ಕೆ ಹಗಲೇನು, ರಾತ್ರಿಯೇನು?"

ಏಳು ತಿಂಗಳ ಗರ್ಭಿಣಿ ಸೊಸೆಯನ್ನು ಕರೆತಂದಿದ್ದ ಅತ್ತೆ ಮಂಗಳವಾರ ಕೇಳಿದ್ದು. ಸೊಸೆ ನರ್ಸ್, ವಾರ ವಾರ ಪಾಳಿ ಬದಲು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲೆ ಸಕ್ಕರೆ 152. ನಮ್ಮಲ್ಲಿ 140 ಮುಟ್ಟಿದರೇ ಗರ್ಭಿಣಿಯರ ಸಕ್ಕರೆ ಕಾಯಿಲೆ ಎನ್ನುತ್ತೇವೆ.

ಆ ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ. ಎಷ್ಟು ಸರಿಯಾದ ಜಾಗಕ್ಕೆ ಕೈಯಿಟ್ಟರು ಆಕೆ! ಕತ್ತಲಲ್ಲಿರುವುದರಿಂದಲೇ ಮಗುವಿಗೆ ತಾಯಿಯ ಗಡಿಯಾರ ಬೇಕು. ತಾಯಿಯ ಕಣ್ಣಿಗೆ ಬಿದ್ದ ಬೆಳಕು ಅವಳ ಮೆದುಳಿನಲ್ಲಿ ಮೈಯ ಗಡಿಯಾರವಿರುವ ಭಾಗವಾದ ಹೈಪೋಥಾಲಮಸ್‌ಗೆ ಹೊತ್ತು ತಿಳಿಸುತ್ತದೆ. ಕತ್ತಲಾದಾಗ ಅವಳಲ್ಲಿ ಏರುವ, ನಿದ್ದೆಯ ಹೊತ್ತು ಸಾರುವ ಮೆಲಟೋನಿನ್ ಹಾರ್ಮೋನು ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಅವಳ ಊಟದ ಹೊತ್ತು, ಮೈಬಿಸಿಯ ಏರಿಳಿತವೂ ಸುದ್ದಿ ಒಯ್ಯುತ್ತವೆ. ಮಗುವಿನದೇ ಮೆಲಟೋನಿನ್ ಲಯ ಕಾಣಿಸಿಕೊಳ್ಳುವುದು ಹುಟ್ಟಿ ಸುಮಾರು ಮೂರು ತಿಂಗಳಿಗೆ.

ಬಸಿರಲ್ಲಿ ಹಗಲು-ರಾತ್ರಿ ಪದೇ ಪದೇ ಅದಲುಬದಲಾದ ಇಲಿಗಳ ಮರಿಗಳಿಗೆ, ದೊಡ್ಡವಾದ ಮೇಲೆ, ಕೊಬ್ಬು ಹೆಚ್ಚಿತ್ತು, ಗ್ಲೂಕೋಸ್ ನಿಭಾಯಿಸುವ ಶಕ್ತಿ ಕುಗ್ಗಿತ್ತು. ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಾಕಬಾರದು, ನಿಜ. ಆದರೆ ತಾಯಿಯ ಸಕ್ಕರೆಯ ಪರಿಣಾಮ ನಮ್ಮ ಮೈಸೂರಲ್ಲೇ ಕಂಡಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಅಧ್ಯಯನದಲ್ಲಿ, ಬಸಿರಲ್ಲಿ ಸಕ್ಕರೆ ಕಾಯಿಲೆ ಬಂದವರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಇನ್ಸುಲಿನ್ ಪ್ರತಿರೋಧ, ಅಂದರೆ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಮೈ ಸರಿಯಾಗಿ ಓಗೊಡದಿರುವುದು, ಹೆಚ್ಚಿತ್ತು. ತಾಯಿಯ ಗ್ಲೂಕೋಸ್ ಮಾಸು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗುವೇ ಇನ್ಸುಲಿನ್ ಸುರಿಸಬೇಕು, ಕೊಬ್ಬು ಕೂಡಿಕೊಳ್ಳುತ್ತದೆ. ಅದೇ ಅನ್ನ ರಾತ್ರಿ ಎರಡಕ್ಕೆ ಉಂಡರೆ ಸಕ್ಕರೆ ಬೆಳಗ್ಗೆಗಿಂತ ಮೇಲೇರುತ್ತದೆ, ಯಾಕೆಂದರೆ ಆ ಹೊತ್ತಿಗೆ ಇನ್ಸುಲಿನ್ ಮಂದ.

ಸೊಸೆಗೆ ಹೇಳಿದ್ದು: ರಾತ್ರಿ ಪಾಳಿ ತಪ್ಪದಿದ್ದರೆ ಮುಖ್ಯ ಊಟ ಎಂಟರೊಳಗೆ. ನಡುರಾತ್ರಿ ಹಸಿದರೆ ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಹುರಿದ ಕಡಲೆ, ಮಜ್ಜಿಗೆ. ಬಿಸ್ಕತ್ತು, ಸಕ್ಕರೆ ಕಾಫಿ ಬೇಡ, ಉಪವಾಸವಂತೂ ಬೇಡವೇ ಬೇಡ. ಪಾಳಿ ಮುಗಿಸಿ ಹಗಲು ನಿದ್ದೆ ಬರಲು ಬೆಳಗ್ಗೆ ಬಸ್ಸಲ್ಲಿ ಕಪ್ಪು ಕನ್ನಡಕ, ಮನೆಯಲ್ಲಿ ದಪ್ಪ ಪರದೆ. ಮೆಲಟೋನಿನ್ ಮಾತ್ರೆ ತಾನೇ ಕೊಂಡು ನುಂಗಬಾರದು.

ಎಲ್ಲಕ್ಕಿಂತ ಮುಖ್ಯ, ಪಾಳಿ ಸ್ಥಿರವಾಗಿರಬೇಕು. ವಾರ ವಾರ ಬದಲಾದರೆ ಮೈ ಯಾವ ಹೊತ್ತಿಗೂ ಒಗ್ಗುವುದೇ ಇಲ್ಲ. "ಎಲ್ಲರಿಗೂ ಒಂದೇ ನಿಯಮ" ಎಂದರಂತೆ ಪಾಳಿಪಟ್ಟಿ ಬರೆಯುವವರು. ರೋಗಿಗಳ ಜೊತೆ ಇರುವವರೇ ಹೀಗೆ ಅನ್ನುವುದು ನನಗೆ ಸಹಿಸಲಾಗದು. ಚೀಟಿಯ ಮೇಲ್ತುದಿಯಲ್ಲಿ, ಔಷಧಿಗಿಂತ ಮೊದಲು ಬರೆದೆ: ಹೆರಿಗೆವರೆಗೆ ಹಗಲು ಪಾಳಿ ಮಾತ್ರ.

ಅತ್ತೆ ಅದನ್ನು ಓದಿಸಿಕೊಂಡರು. "ಅಂದ್ರೆ ಮಗೂಗೆ ಹೊತ್ತು ಗೊತ್ತಾಗ್ತದೆ" ಅಂದರು, ಸೊಸೆಯ ಹೊಟ್ಟೆ ನೋಡುತ್ತ. ಎರಡು ವಾರ ಪಥ್ಯ, ಆಮೇಲೆ ಊಟವಾಗಿ ಎರಡು ಗಂಟೆಗೆ ಸಕ್ಕರೆ ಪರೀಕ್ಷೆ. 120ರ ಕೆಳಗಿದ್ದರೆ ಪಥ್ಯವೇ ಮುಂದುವರಿಯುತ್ತದೆ. ಇಲ್ಲದಿದ್ದರೆ ಔಷಧಿ.