ಉತ್ತರಾಯಣಕ್ಕೆ ಅಹಮದಾಬಾದ್: ತಾರಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಅಹಮದಾಬಾದಿನ ಹಳೇ ಊರಿನಲ್ಲಿ ಉತ್ತರಾಯಣದ ದಿನ, ಅಂದರೆ ಜನವರಿ 14ರ ಸಂಕ್ರಾಂತಿಗೆ, ಪಟ ಹಾರಿಸಲು ಮನೆಗಳ ತಾರಸಿ ಬಾಡಿಗೆಗೆ ಸಿಗುತ್ತದೆ. ಇದು ಈಗ ಬಹಳ ಜನಕ್ಕೆ ಗೊತ್ತು. ಒಂದೇ ತಾರಸಿಯನ್ನು ನಾಲ್ಕು ಗುಂಪಿಗೆ ಮಾರಿರುತ್ತಾರೆ ಅನ್ನೋದು ಮಾತ್ರ ಮೆಟ್ಟಿಲು ಹತ್ತಿದ ಮೇಲೆಯೇ ಗೊತ್ತಾಗುವುದು.

ನಾವು ಹುಬ್ಬಳ್ಳಿಯಿಂದ ಹೋಗಿದ್ದೆವು. ನಾನು, ನನ್ನ ಹೆಂಡತಿ, ಅವಳ ಅಣ್ಣನ ಮಗ. ಹುಡುಗನಿಗೆ ಗಾಳಿಪಟದ ಹುಚ್ಚು. ನಮ್ಮಲ್ಲಿ ಪಟ ಹಾರಿಸುವುದು ಹೆಚ್ಚಾಗಿ ಆಷಾಢದ ಗಾಳಿಗೆ. ಗುಜರಾತಿನಲ್ಲಿ ಸಂಕ್ರಾಂತಿಗೆ ಇಡೀ ಊರೇ ತಾರಸಿ ಹತ್ತುತ್ತದೆ ಅಂತ ಕೇಳಿ ಅವನು ಒಂದು ವರ್ಷದಿಂದ ಬೆನ್ನು ಬಿದ್ದಿದ್ದ. ಸರಿ, ಫೋನಿನಲ್ಲಿ ಒಬ್ಬ ಏಜೆಂಟ್ ಸಿಕ್ಕ. ಹಳೇ ಹವೇಲಿ, ಇಡೀ ತಾರಸಿ ನಿಮ್ಮದೇ, ಪಟ, ದಾರ, ಮಧ್ಯಾಹ್ನ ಉಂಧಿಯು (ಚಳಿಗಾಲದ ಮಿಶ್ರ ತರಕಾರಿ ಪಲ್ಯ) ಊಟ, ಎಲ್ಲಾ ಸೇರಿ ತಲೆಗೆ 2,500 ರೂಪಾಯಿ ಅಂದ. ಅರ್ಧ ದುಡ್ಡು ಮೊದಲೇ ಹಾಕಿಸಿಕೊಂಡ.

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ತಾರಸಿಯ ಮೇಲೆ ಆಗಲೇ ಮುಂಬೈಯ ಒಂದು ಗುಂಪು ಕೂತಿತ್ತು. ಹತ್ತು ಗಂಟೆಗೆ ಇನ್ನೊಂದು ಬಂತು. ಹನ್ನೊಂದಕ್ಕೆ ಮತ್ತೊಂದು. ಎಲ್ಲರಿಗೂ "ಇಡೀ ತಾರಸಿ ನಿಮ್ಮದೇ" ಅಂತಲೇ ಹೇಳಿದ್ದರು. ಮೂಲೆಯಲ್ಲಿ ಆಳೆತ್ತರದ ಸ್ಪೀಕರ್. ಶೌಚಾಲಯ ಎರಡು ಮಹಡಿ ಕೆಳಗೆ, ಅದೂ ಒಂದೇ. ಕೊಟ್ಟ ಪಟಗಳಲ್ಲಿ ಅರ್ಧಕ್ಕೆ ಸೂತ್ರವನ್ನೇ ಕಟ್ಟಿರಲಿಲ್ಲ. ದಾರ ಸುತ್ತಿದ ಫಿರ್ಕಿ ಗುಂಪಿಗೆ ಒಂದೇ, ಇನ್ನೊಂದು ಬೇಕಾದರೆ ಬೇರೆ ದುಡ್ಡು. ಊಟ ಬಂದದ್ದು ಎರಡೂವರೆಗೆ, ಪೂರಿ ಚರ್ಮದ ಹಾಗೆ ಎಳೆಯುತ್ತಿತ್ತು. ಉಳಿದ ದುಡ್ಡು ಕೊಡುವುದಿಲ್ಲ ಅಂತ ನಾನು ಜಗಳ ತೆಗೆದೆ. ಅರ್ಧ ಗಂಟೆ ವಾದ ಆಯಿತು. ಕೊನೆಗೆ ತಲೆಗೆ 500 ಕಡಿಮೆ ಮಾಡಿದ. ಹುಡುಗ ಪಕ್ಕದಲ್ಲಿ ನಿಂತು, "ಮಾವ, ನಮ್ಮ ಪಟ ಇನ್ನೂ ಮೇಲೆ ಹೋಗೇ ಇಲ್ಲ" ಅಂತ ಗೋಗರೆಯುತ್ತಿದ್ದ.

ಏಜೆಂಟ್ ಮೂಲಕ ತಾರಸಿ ತಗೊಳ್ಳಲೇಬೇಕು ಅಂತಿದ್ದರೆ ಹಿಂದಿನ ದಿನವೇ ಹೋಗಿ ಜಾಗ ನೋಡಿ. ಮನೆ ಯಜಮಾನರ ಜೊತೆಗೇ ಮಾತಾಡಿ, ಒಟ್ಟು ಎಷ್ಟು ಜನ ಬರುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಮೆಟ್ಟಿಲೂ ನೋಡಿ. ಈ ಹಳೇ ಓಣಿಗಳಿಗೆ ಅಲ್ಲಿ ಪೋಳ್ ಅನ್ನುತ್ತಾರೆ. ಮನೆಗೆ ಮನೆ ಅಂಟಿಕೊಂಡಿರುತ್ತದೆ, ಒಳಗಿನ ಮೆಟ್ಟಿಲು ಕಡಿದಾಗಿ, ಒಬ್ಬರು ಮಾತ್ರ ಹತ್ತುವಷ್ಟು ಕಿರಿದಾಗಿ ಇರುತ್ತದೆ. 2017ರಲ್ಲಿ ಯುನೆಸ್ಕೋ ಈ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ನಿಜ. ಮಂಡಿ ನೋವಿದ್ದವರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಇಷ್ಟೆಲ್ಲಾ ಬೈದ ಮೇಲೂ ಆ ದಿನ ಹಾಳಾಗಲಿಲ್ಲ. ಅದಕ್ಕೆ ಕಾರಣ ಪಕ್ಕದ ತಾರಸಿ. ನಡುವೆ ಸೊಂಟದಷ್ಟು ಎತ್ತರದ ಗೋಡೆ. ಆ ಕಡೆ ಆ ಮನೆಯವರೇ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ. ನಮ್ಮ ಹುಡುಗ ಪಟಕ್ಕೆ ಸೂತ್ರ ಕಟ್ಟಲು ಒದ್ದಾಡುವುದನ್ನು ನೋಡಿ ಅವರ ಮನೆಯ ಹುಡುಗಿಯೊಬ್ಬಳು ಗೋಡೆ ದಾಟಿ ಬಂದು ನಿಮಿಷದಲ್ಲಿ ಕಟ್ಟಿಕೊಟ್ಟಳು. ಬೆರಳಿಗೆ ಸುತ್ತಿಕೊಳ್ಳಲು ಟೇಪ್ ಕೊಟ್ಟಳು. ಅವನು ಮೊದಲ ಪಟ ಕತ್ತರಿಸಿದಾಗ ಎರಡೂ ತಾರಸಿ ಸೇರಿ "ಕಾಯ್‌ಪೋ ಛೇ" ಅಂತ ಕೂಗಿದವು.

ಆಮೇಲೆ ಆ ಮನೆಯ ಹಿರಿಯ ಹೆಂಗಸು ಗೋಡೆಯ ಮೇಲಿಂದ ತಟ್ಟೆ ದಾಟಿಸಿದರು. ಎಲ್ಲರೂ ಅವರನ್ನು ಮಾಸಿ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಉಂಧಿಯು, ಜಿಲೇಬಿ, ಎಳ್ಳಿನ ಚಿಕ್ಕಿ, ಹಸಿಕಡಲೆ ಗಿಡದ ಒಂದು ಕಟ್ಟು, ಬೋರೆಹಣ್ಣು, ಕಬ್ಬಿನ ತುಂಡು. ಎಳ್ಳುಂಡೆ ಕೊಡುವಾಗ ಮಾತ್ರ ಹಿಂದಿಯಲ್ಲಿ, "ನೋಡಿಕೊಂಡು ಕಚ್ಚಿ" ಅಂದರು. ಕೆಲವು ಮನೆಗಳಲ್ಲಿ ಉಂಡೆಯೊಳಗೆ ನಾಣ್ಯ ಇಟ್ಟು ದಾನ ಕೊಡುತ್ತಾರೆ, ಗುಪ್ತದಾನ ಅಂತ. ಅವತ್ತು ಹಸುಗಳಿಗೆ ಹುಲ್ಲು, ಬೇಯಿಸಿದ ಕಾಳು ತಿನ್ನಿಸುವ ಪದ್ಧತಿಯೂ ಇದೆ. ಬೀದಿ ಬದಿಯಲ್ಲಿ ಹುಲ್ಲಿನ ಕಟ್ಟು ಮಾರುವವರು ಕೂತಿರುತ್ತಾರೆ.

ನನ್ನ ಹೆಂಡತಿ ಮನೆಯಿಂದ ಕುಸುರೆಳ್ಳು ತಂದಿದ್ದಳು. ಒಂದು ಪೊಟ್ಟಣ ಕೊಟ್ಟಳು. ಎಳ್ಳಿನ ಮೇಲೆ ಸಕ್ಕರೆ ಪಾಕ ಹೇಗೆ ಹೀಗೆ ಮುಳ್ಳುಮುಳ್ಳಾಗಿ ಕೂರುತ್ತದೆ ಅಂತ ಮಾಸಿ ಬಹಳ ಹೊತ್ತು ಕೇಳಿದರು. ನೀವೂ ಹೋಗುವಾಗ ನಾಲ್ಕು ಪೊಟ್ಟಣ ಎಳ್ಳುಬೆಲ್ಲವೋ ಕುಸುರೆಳ್ಳೋ ಇಟ್ಟುಕೊಳ್ಳಿ. ಸಂಕ್ರಾಂತಿಗೆ ಎಳ್ಳು ಹಂಚುವುದು ಅವರಿಗೆ ವಿವರಿಸಿ ಹೇಳಬೇಕಾದ ವಿಷಯವೇ ಅಲ್ಲ. ಮರುದಿನ 15ಕ್ಕೆ, ಅಂದರೆ ವಾಸಿ ಉತ್ತರಾಯಣಕ್ಕೆ, ನಾವು ಅವರ ತಾರಸಿಯಲ್ಲೇ ಇದ್ದೆವು. ಅವತ್ತೂ ಗುಜರಾತಿನಲ್ಲಿ ಹಬ್ಬವೇ, ಪಟವೂ ಅಷ್ಟೇ ಜೋರು, ಪ್ರವಾಸಿಗರ ಗಲಾಟೆ ಮಾತ್ರ ಕಡಿಮೆ. ಒಂದೇ ದಿನ ತಾರಸಿ ಅಂತಿದ್ದರೆ ನಾನಾದರೆ 15 ಆರಿಸಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ನಮ್ಮ ಪಂಚಾಂಗ ನೋಡಿ ಟಿಕೆಟ್ ಮಾಡಬೇಡಿ. 2024ರಲ್ಲಿ ಕರ್ನಾಟಕದಲ್ಲಿ ಸಂಕ್ರಾಂತಿ ರಜೆ 15ಕ್ಕೆ ಇತ್ತು. ಗುಜರಾತಿನವರು ಮಾಮೂಲಿನಂತೆ 14ಕ್ಕೇ ತಾರಸಿ ಹತ್ತಿದ್ದರು.

ಉಂಧಿಯುಗೆ ಬರೋಣ. ಅವತ್ತು ಹೋಟೆಲುಗಳು ಬಹಳಷ್ಟು ಮುಚ್ಚಿರುತ್ತವೆ. ಕೆಲಸದವರಿಗೂ ಹಬ್ಬ ಅಲ್ವಾ. ಆದರೆ ಬೆಳಿಗ್ಗೆಯಿಂದಲೇ ಸಿಹಿ ಅಂಗಡಿಗಳ ಮುಂದೆ ಶಾಮಿಯಾನ ಹಾಕಿ ಉಂಧಿಯು, ಜಿಲೇಬಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. 15ರ ಬೆಳಿಗ್ಗೆ ನಾನು ರಾಯಪುರ ದರವಾಜಾ ಹತ್ತಿರ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತೆ. ಸ್ಪೀಕರ್ ಸದ್ದು ನನಗೆ ಐದು ನಿಮಿಷವೂ ಆಗುವುದಿಲ್ಲ, ತಿಂಡಿಗೆ ಸರದಿ ನಿಲ್ಲುವುದು ಮಾತ್ರ ಎಷ್ಟು ಹೊತ್ತಾದರೂ ಸರಿ. ಕಿಲೋಗೆ 450 ರೂಪಾಯಿ ಆಯಿತು. ದುಬಾರಿ ಅನ್ನಿಸಬಹುದು. ಅದರಲ್ಲಿ ಏನೇನಿದೆ ನೋಡಿ. ನಮ್ಮ ಅವರೆ ಜಾತಿಯದೇ ಚಪ್ಪಟೆ ಪಾಪಡಿ ಕಾಯಿ, ಎಳೇ ಬದನೆ, ಗೆಣಸು, ಬಾಳೆಕಾಯಿ, ಒಳಗೆ ನೇರಳೆ ಬಣ್ಣ ಇರುವ ರತಾಳು ಗಡ್ಡೆ, ಹಸಿ ತೊಗರಿಕಾಳು, ಮೆಂತ್ಯ ಸೊಪ್ಪು ಹಾಕಿ ಕರಿದ ಹಿಟ್ಟಿನ ಉಂಡೆ, ಅಂದರೆ ಮುಠಿಯಾ. ಮೇಲೆ ಹಸಿ ಬೆಳ್ಳುಳ್ಳಿ ಗಿಡ, ಕೊತ್ತಂಬರಿ, ಕೊಬ್ಬರಿ. ಇವೆಲ್ಲ ಒಟ್ಟಿಗೆ ಎಳೆಯದಾಗಿ ಸಿಗುವುದು ಚಳಿಗಾಲದಲ್ಲಿ ಮಾತ್ರ. ಸೂರತ್ ಕಡೆಯದು ಹಸಿರಾಗಿರುತ್ತದೆ. ಕಾಠಿಯಾವಾಡದ್ದು, ಅಂದರೆ ಸೌರಾಷ್ಟ್ರ ಕಡೆಯದು, ಕೆಂಪು, ಖಾರ ಜಾಸ್ತಿ. ಉತ್ತರ ಕರ್ನಾಟಕದವರು ಸುಮ್ನೆ ಕಾಠಿಯಾವಾಡಿ ಕೇಳಿ, ಸೂರತಿನದು ನಮಗೆ ಸ್ವಲ್ಪ ಸಿಹಿ ಅನ್ನಿಸುತ್ತದೆ. ಬೆಳ್ಳುಳ್ಳಿ ತಿನ್ನದವರು "ಲಸಣ್ ವಗರ್" ಅಂತ ಹೇಳಿದರೆ ಸಾಕು, ಬೇರೆ ಪಾತ್ರೆಯಲ್ಲಿ ಇಟ್ಟಿರುತ್ತಾರೆ. ಎಣ್ಣೆ ಮಾತ್ರ ಎಲ್ಲದರಲ್ಲೂ ತೇಲುತ್ತದೆ. ಮೂವರಿಗೆ ಅರ್ಧ ಕಿಲೋ ಸಾಕು.

ಏಳು ಧಾನ್ಯ ಹಾಕಿ ಮಾಡುವ ಖೀಚಡೋ ಕೂಡ ಈ ಹಬ್ಬದ ಅಡುಗೆಯೇ. ಅದು ಅಂಗಡಿಗಿಂತ ಮನೆಗಳಲ್ಲೇ ಜಾಸ್ತಿ. ನಮಗೆ ಅದೃಷ್ಟ ಇರಲಿಲ್ಲ, ಮಾಸಿ ಮನೆಯಲ್ಲಿ ಅಷ್ಟರಲ್ಲಿ ಖಾಲಿಯಾಗಿತ್ತು.

13ರ ರಾತ್ರಿ ತಪ್ಪಿಸಿಕೊಳ್ಳಬೇಡಿ. ಹಬ್ಬದ ದಿನಕ್ಕಿಂತ ಅದೇ ನನಗೆ ಹೆಚ್ಚು ಇಷ್ಟವಾಯಿತು. ರಾಯಪುರ, ಜಮಾಲಪುರ, ದೆಹಲಿ ದರವಾಜಾ ಕಡೆ ರಾತ್ರಿಯಿಡೀ ಪಟದ ಸಂತೆ. ಪಟಗಳನ್ನು ಕೋಡಿ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಕೋಡಿಗೆ 20. ಜಮಾಲಪುರದಲ್ಲಿ ಪಟ ಮಾಡುವವರಲ್ಲಿ ಮುಸ್ಲಿಂ ಕುಟುಂಬಗಳೇ ಜಾಸ್ತಿ, ವರ್ಷವಿಡೀ ಇದೇ ಕೆಲಸ. ರಸ್ತೆ ಬದಿಯಲ್ಲಿ ಕಂಬದಿಂದ ಕಂಬಕ್ಕೆ ದಾರ ಎಳೆದು ಗಾಜಿನ ಪುಡಿ, ಗಂಜಿ, ಗುಲಾಬಿ ಬಣ್ಣ ಕಲಸಿದ ಮುದ್ದೆಯನ್ನು ಕೈಯಿಂದಲೇ ಸವರುತ್ತಾ ಹೋಗುತ್ತಾರೆ. ಅದೇ ಮಾಂಜಾ. ಬೆರಳಿಗೆಲ್ಲಾ ಬಟ್ಟೆ ಸುತ್ತಿಕೊಂಡಿರುತ್ತಾರೆ, ಆದರೂ ಗಾಯ. ಈ ಕೆಲಸಕ್ಕೆ ಉತ್ತರ ಪ್ರದೇಶದ ಬರೇಲಿಯಿಂದಲೂ ಜನ ಬರುತ್ತಾರೆ. ಪಟ, ದಾರ ಎಲ್ಲಾ ಇಲ್ಲೇ ತಗೊಂಡು, ಸೂತ್ರ ಕಟ್ಟಿಸಿಕೊಂಡೇ ಬನ್ನಿ. ಚೌಕಾಸಿ ಮಾಡಿ, ಆದರೆ ಮಾಂಜಾ ಸವರುವವನ ಹತ್ತಿರ ಮಾಡಬೇಡಿ.

ನೈಲಾನ್ ದಾರ ಕೊಡುತ್ತೇನೆ ಅಂತ ಯಾರಾದರೂ ಪಿಸುಗುಟ್ಟಿದರೆ ಮುಂದೆ ನಡೆಯಿರಿ. ಚೈನೀಸ್ ಮಾಂಜಾ ಅಂತ ಕರೆಯುವ ಅದಕ್ಕೆ 2017ರಿಂದ ಹಸಿರು ನ್ಯಾಯಮಂಡಳಿಯ ನಿಷೇಧ ಇದೆ, ಸಿಕ್ಕಿದರೆ ಪೊಲೀಸ್ ಕೇಸ್. ಪ್ರತಿ ವರ್ಷ ದಾರ ಕುತ್ತಿಗೆಗೆ ಸಿಕ್ಕಿ ಬೈಕ್ ಸವಾರರು ಸಾಯುತ್ತಾರೆ. ಅಲ್ಲಿನ ಸ್ಕೂಟರುಗಳ ಮುಂದೆ ಬಾಗಿದ ಕಬ್ಬಿಣದ ಸರಳು ಯಾಕಿದೆ ಅಂತ ನನಗೆ ಮೊದಲು ತಿಳಿಯಲಿಲ್ಲ, ದಾರ ತಡೆಯೋಕೆ ಅದು. ಆ ಎರಡು ದಿನ ಬಾಡಿಗೆ ಸ್ಕೂಟರ್ ಬೇಡವೇ ಬೇಡ. ಆಟೋದವರು ಬಾಯಿಗೆ ಬಂದ ರೇಟ್ ಹೇಳುತ್ತಾರೆ. ಮೆಟ್ರೋ ಕಾಲುಪುರ ಮತ್ತು ಘೀಕಾಂಟಾದಲ್ಲಿ ನೆಲದಡಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಹಳೇ ಊರಿಗೆ ನಡೆದೇ ಹೋಗಬಹುದು. ಬೆಳ್ಳಂಬೆಳಿಗ್ಗೆ ಮತ್ತು ಸಂಜೆ ಹಕ್ಕಿಗಳು ಹಾರಾಡುವ ಹೊತ್ತು, ಆಗ ಪಟ ಇಳಿಸಿ. ಗಾಯವಾದ ಹಕ್ಕಿ ಕಂಡರೆ 1962ಕ್ಕೆ ಫೋನ್ ಮಾಡಿ.

ಸಾಬರಮತಿ ನದೀತೀರದ ಅಂತರರಾಷ್ಟ್ರೀಯ ಪಟದ ಉತ್ಸವದ ಬಗ್ಗೆ ಎಲ್ಲರೂ ಕೇಳುತ್ತಾರೆ. 1989ರಿಂದ ನಡೆಯುತ್ತಿದೆ. ದೊಡ್ಡ ದೊಡ್ಡ ಪಟಗಳು, ವಿದೇಶದವರು, ಮೈಕ್. ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಒಂದು ಸುತ್ತು ಹೋಗಿ ಬನ್ನಿ. ಅಲ್ಲಿ ನೋಡುವುದಷ್ಟೇ, ಒಬ್ಬರ ಪಟ ಇನ್ನೊಬ್ಬರು ಕತ್ತರಿಸುವ ಮಜಾ ಇಲ್ಲ. ಜನ, ಬಿಸಿಲು, ಸೆಲ್ಫಿ. ನಾನು ಒಂದು ಗಂಟೆಯಲ್ಲಿ ಎದ್ದು ಬಂದೆ.

ಈಗ ನಿಜವಾಗಿ ಹೇಳಬೇಕಾದ ಊಟದ ವಿಷಯ. ಹಬ್ಬ ಮುಗಿದ ಮೇಲೆ, ರಾಯಪುರ ದರವಾಜಾದಿಂದ ಸಾರಂಗಪುರದ ಕಡೆ ನಡೆಯುವಾಗ ಒಂದು ಕಾಠಿಯಾವಾಡಿ ಊಟದ ಮನೆ ಸಿಕ್ಕಿತು. ಬೋರ್ಡ್ ಗುಜರಾತಿಯಲ್ಲಿ ಮಾತ್ರ. ನಾಲ್ಕು ಮೇಜು, ಗೋಡೆಗೆ ಹಸಿರು ಬಣ್ಣ. ಒಳಗೆ ಒಬ್ಬ ಕಾಕಾ, ಒಲೆಯ ಮುಂದೆ ಅವರ ಹೆಂಡತಿ. ನೂರ ಇಪ್ಪತ್ತು ರೂಪಾಯಿಗೆ ಊಟ, ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ. ಕೈಯಲ್ಲಿ ತಟ್ಟಿದ ಸಜ್ಜೆ ರೊಟ್ಟಿ, ಅಲ್ಲಿ ರೋಟಲೋ. ನಮ್ಮದಕ್ಕಿಂತ ದಪ್ಪ, ಮಣ್ಣಿನ ಹಂಚಿನ ಮೇಲೆ ಸುಟ್ಟದ್ದು, ಮಧ್ಯೆ ಬೆಣ್ಣೆ ಕರಗುತ್ತಿತ್ತು. ಕೆಂಡದಲ್ಲಿ ಸುಟ್ಟ ಬದನೆಯ ಓಳೋ, ಅದಕ್ಕೆ ಹಸಿ ಬೆಳ್ಳುಳ್ಳಿ ಗಿಡ. ಬೆಳ್ಳುಳ್ಳಿ ಚಟ್ನಿ, ಬೆಲ್ಲದ ತುಂಡು, ಕಢಿ, ಖಿಚಡಿ, ಮಜ್ಜಿಗೆ. ಭೋಗಿ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು ಬೆಳೆದವರಿಗೆ ಇದಕ್ಕಿಂತ ಏನು ಬೇಕು? ಹೆಂಡತಿ ನಾಲ್ಕನೇ ರೊಟ್ಟಿ ಬೇಡ ಅಂದಾಗ ಕಾಕಾಗೆ ಬೇಸರವೇ ಆಯಿತು. ನಾನು ಬೇಡ ಅನ್ನಲಿಲ್ಲ. ಅಲ್ಲಿಂದ ಹೊರಡುವವರೆಗೂ ಮಧ್ಯಾಹ್ನದ ಊಟ ಅಲ್ಲೇ. ಹನ್ನೆರಡೂವರೆಗೆ ಮುಂಚೆ ಹೋಗಿ, ಓಳೋ ಬೇಗ ಖಾಲಿ.

ಕಾಕಾಗೆ ಬೇರೆ ಹಬ್ಬಗಳ ಬಗ್ಗೆ ಕೇಳಿದೆ. ದಸರೆಗೆ ಬಂದರೆ ಫಾಫಡಾ (ಕಡಲೆಹಿಟ್ಟಿನ ಕರಿದ ತಿಂಡಿ), ಜಿಲೇಬಿಗೆ ಇದಕ್ಕಿಂತ ಉದ್ದ ಸರದಿ ಅಂದರು. ಶ್ರಾವಣದ ಶೀತಲಾ ಸಾತಮ್ ದಿನ ಮಾತ್ರ ಊಟ ಹುಡುಕಿಕೊಂಡು ಬರಬೇಡಿ ಅಂದರು. ಅವತ್ತು ಅವರು ಒಲೆ ಹಚ್ಚುವುದಿಲ್ಲ, ಒಲೆಗೆ ಪೂಜೆ. ಹಿಂದಿನ ದಿನ, ರಾಂಧಣ್ ಛಠ್‌ಗೆ, ಥೇಪ್ಲಾ, ಪೂರಿ, ವಡೆ ಎಲ್ಲಾ ಮಾಡಿಟ್ಟು ಮರುದಿನ ತಣ್ಣಗೆ ತಿನ್ನುತ್ತಾರೆ.

ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಊರಿನಲ್ಲಿ ಆ ವಾರ ರೇಟ್ ಎರಡು ಪಟ್ಟು. ಮೆಟ್ರೋ ಇರುವ ಕಡೆ ದೂರದಲ್ಲಿ ಹಿಡಿದರೆ ಉಳಿತಾಯ, ರಾತ್ರಿ ನಿದ್ದೆಯೂ ಬರುತ್ತದೆ.

ರೈಲಿನಲ್ಲಿ ಹೋಗುವುದಾದರೆ ಮೈಸೂರು-ಅಜ್ಮೇರ್ ಇದೆ, ಬೆಂಗಳೂರು-ಜೋಧಪುರ ಇದೆ. ಎರಡೂ ಹುಬ್ಬಳ್ಳಿ, ಬೆಳಗಾವಿ ಮೇಲೆ ಅಹಮದಾಬಾದಿಗೆ ಹೋಗುತ್ತವೆ. ದಿನಾ ಇಲ್ಲ, ವಾರಕ್ಕೆ ಕೆಲವೇ ದಿನ, ಆದ್ದರಿಂದ ಮೊದಲು ರೈಲಿನ ವಾರ ನೋಡಿ ಆಮೇಲೆ ರಜೆ ಹಾಕಿ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಜನವರಿ 11ಕ್ಕೆ ಹೊರಡುವವರು ನವೆಂಬರ್ 12ರ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂತಿರಬೇಕು. ವಾಪಸ್ ಟಿಕೆಟ್ 16ರ ಮೇಲೆ ಮಾಡಿ. ಕಾಕಾನ ಓಳೋ ಬೇಕು ಅಂತಿದ್ದರೆ 18.