ಅರ್ಧ ಬೆಳಕನ್ನು ನುಂಗಿದ ಅಡಿಕೆ ಮರ

ಕಳೆದ ಹತ್ತೊಂಬತ್ತು ದಿನಗಳಿಂದ ಮಧ್ಯಾಹ್ನದ ಊಟ ಮುಗಿಸಿ ಕೈತೊಳೆಯುವ ಹೊತ್ತಿಗೆ ಒಂದು ದಿನ ಬಿಟ್ಟರೆ ತಪ್ಪದೆ ಹೊತ್ತಿಕೊಳ್ಳುತ್ತಿದ್ದ, ಸಂಪರ್ಕ ಕಡಿಯಿತೆಂದು ಸಾರುವ ಮೋಡೆಮ್ಮಿನ ಕೆಂಪು ದೀಪ ಮೊನ್ನೆಯಿಂದ ಹೊತ್ತಿಲ್ಲ. ಅರ್ಜಿ, ಆಧಾರ್ ಪ್ರತಿ, ಮುಂಗಡ ಹಣ, ಎಂದೂ ಬಾರದ ‘ನಾಳೆ’, ಇವೆಲ್ಲ ಕಾಸರಗೋಡಿನ ಪೆರ್ಲದ ಒಳಭಾಗದಲ್ಲಿ ಮನೆಗೆ ಇಂಟರ್ನೆಟ್ಟಿನ ಫೈಬರ್, ಅಂದರೆ ಬೆಳಕು ಒಯ್ಯುವ ಗಾಜಿನ ಎಳೆ, ಎಳೆಸಿಕೊಂಡ ಪ್ರತಿಯೊಬ್ಬರಿಗೂ ಬಾಯಿಪಾಠವಾದ್ದರಿಂದ ಅವನ್ನು ಬಿಟ್ಟು ನೇರವಾಗಿ ರೋಗದ ಬುಡಕ್ಕೆ ಬರುತ್ತೇನೆ.

ತೋಡಿನಾಚೆಯ ವಿದ್ಯುತ್ ಕಂಬದಲ್ಲಿರುವ, ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಪೆಟ್ಟಿಗೆಯಿಂದ ನಮ್ಮ ಜಗಲಿಗೆ ಸುಮಾರು 340 ಮೀಟರ್ ದೂರ. ನಡುವೆ ಕಂಬ ಬೇಕಿದ್ದರೆ ಅದರ ಖರ್ಚು ಗ್ರಾಹಕರದೇ ಎಂದು ಕಂಪೆನಿಯವರು ಹೇಳಿದ್ದರಿಂದ ಕೇಬಲ್ಲು ಇಪ್ಪತ್ತೊಂದು ಅಡಿಕೆ ಮರಗಳನ್ನು ಹಿಡಿದುಕೊಂಡು ಮನೆಗೆ ಬಂತು. ಬೆಳಗ್ಗೆ 100 ಎಂಬಿಪಿಎಸ್ ವೇಗಕ್ಕೆ ಒಂದಿಷ್ಟೂ ಕೊರತೆಯಿಲ್ಲ. ಮಧ್ಯಾಹ್ನ ಎರಡೂವರೆಯ ನಂತರ ಹೋಗುವುದು, ಬರುವುದು, ಮತ್ತೆ ಹೋಗುವುದು. ಕತ್ತಲಾದ ಮೇಲೆ ಏನೂ ಆಗಿಲ್ಲವೆಂಬಂತೆ ಎಲ್ಲವೂ ಸರಿ.

ದೂರು ಕೊಡುವ ಸಂಖ್ಯೆಗೆ ಕರೆ ಮಾಡಿದರೆ ಮೂರು ಭಾಷೆಗಳ ಆಯ್ಕೆಯಿದೆ, ಅವುಗಳಲ್ಲಿ ಕನ್ನಡವಿಲ್ಲ. ನನಗೆ ದೂರು ಹೇಳುವಷ್ಟು ಮಲಯಾಳ ಬರುತ್ತದೆ, ಜಗಳವಾಡುವಷ್ಟು ಬರುವುದಿಲ್ಲ. ಹಾಗಾಗಿ ತಂತ್ರಜ್ಞ ಎರಡು ಸಲ ಬಂದುದೂ ಬೆಳಗ್ಗೆ ಹತ್ತು ಗಂಟೆಗೇ. ಆಗ ಹಸಿರು ದೀಪ ಉರಿಯುತ್ತಿರುತ್ತದೆ, ದೂರು ಮುಚ್ಚಿಹೋಗುತ್ತದೆ.

ಮೊದಲು ನಾನು ಸಂಶಯಪಟ್ಟುದು ಅಡಾಪ್ಟರನ್ನು, ಅನಂತರ ಇನ್ವರ್ಟರನ್ನು, ಕೊನೆಗೆ ಕನೆಕ್ಟರನ್ನು. ಕನೆಕ್ಟರ್ ಬದಲಿಸೋಣವೆಂದು ಓರೆ ತುದಿಯ, ಹಸಿರು ಬಣ್ಣದ ಎಸ್‌ಸಿ ಎಪಿಸಿ ಹತ್ತು ತರಿಸಿದರೆ, ಅಂಗಡಿಯವರು ನೇರ ತುದಿಯ, ನೀಲಿಯ ಯುಪಿಸಿ ಕಳುಹಿಸಿ, ‘ಎರಡೂ ಒಂದೇ, ಕೂರುತ್ತದೆ’ ಎಂದರು. ಕೂರುವುದೇನೋ ಕೂರುತ್ತದೆ, ಆದರೆ ಎಂಟು ಡಿಗ್ರಿ ಓರೆಯಾಗಿ ತೀಡಿದ ತುದಿಗೆ ನೇರ ತುದಿಯನ್ನು ಒತ್ತಿದರೆ ನಡುವೆ ಉಳಿಯುವ ಸಂದಿನಲ್ಲಿ ಬೆಳಕು ಸೋರಿಹೋಗುತ್ತದೆಂಬುದನ್ನು ಈ ಹವ್ಯಾಸದವರಿಗೆ ವಿವರಿಸಬೇಕಾಗಿಲ್ಲ. ಪೊಟ್ಟಣವನ್ನು ಮರಳಿಸಿ ಬದಲಿ ಬರಲು ಒಂಬತ್ತು ದಿನಗಳಾದವು. ಮಂಗಳೂರಿನಿಂದ ಹೊರಟ ಸಾಮಾನು ಕೊಚ್ಚಿಯನ್ನು ಕಂಡು ಬಂದೇ ಪೆರ್ಲ ಸೇರಬೇಕೆಂಬುದು ಕೊರಿಯರಿನವರ ಭೂಗೋಳ. ಹಸಿರು ಕನೆಕ್ಟರ್ ಹಾಕಿದ ಮೇಲೂ ಮಧ್ಯಾಹ್ನದ ಕೆಂಪು ದೀಪ ಹಾಗೆಯೇ ಇತ್ತು.

ಲೆಕ್ಕ ಹಿಡಿದು ಕುಳಿತಾಗಲೇ ದಾರಿ ಕಂಡಿತು. ತಂತ್ರಜ್ಞ ಎರಡನೆಯ ಸಲ ಬಂದಾಗ ಪೆಟ್ಟಿಗೆಯ ಬಾಯಿಯಲ್ಲಿ ಬೆಳಕಿನ ಬಲ ಅಳೆಯುವ ನನ್ನ ಪವರ್ ಮೀಟರನ್ನೂ ಇಡಿಸಿ ನೋಡಿದ್ದೆ: ಮೈನಸ್ 20.6 ಡಿಬಿಎಂ (ಮೈನಸ್ಸಿನ ಅಂಕೆ ದೊಡ್ಡದಾದಷ್ಟೂ ಬೆಳಕು ಕಡಿಮೆ). ಅದೇ ದಿನ ಜಗಲಿಯಲ್ಲಿ ಮೈನಸ್ 24.3. ಮುನ್ನೂರು ಚಿಲ್ಲರೆ ಮೀಟರ್ ಫೈಬರು ತಿನ್ನುವುದು ಹೆಚ್ಚೆಂದರೆ 0.1 ಡೆಸಿಬೆಲ್, ಎರಡು ಕೊನೆಗಳ ಕನೆಕ್ಟರುಗಳಿಗೆ ಅರ್ಧ ಬಿಟ್ಟುಕೊಟ್ಟರೂ ಇನ್ನೂ ಮೂರು ಡೆಸಿಬೆಲ್ಲಿಗೆ ಲೆಕ್ಕ ಸಿಗುವುದಿಲ್ಲ. ಮೂರು ಡೆಸಿಬೆಲ್ ಎಂದರೆ ಸರಿಯಾಗಿ ಅರ್ಧ ಬೆಳಕು. ನಮ್ಮ ಬಗೆಯ ಮೋಡೆಮ್ಮಿಗೆ ಮೈನಸ್ 27ರ ವರೆಗೆ ಕಣ್ಣು ಕಾಣುತ್ತದೆ. ಮಧ್ಯಾಹ್ನ, ಬ್ರೌಸರಿನಲ್ಲಿ ತೆರೆಯುವ ಅದರ ಪುಟದಲ್ಲಿ ಮೈನಸ್ 31ನ್ನೂ ಕಂಡಿದ್ದೇನೆ.

ರಾತ್ರಿ ಫೈಬರಿನ ತುದಿಗೆ ಕೆಂಪು ಲೇಸರ್ ಪೆನ್ನನ್ನು ಚುಚ್ಚಿ ತೋಟವಿಡೀ ಅಲೆದೆ. ಒಳಗಿನ ಹಳದಿ ಪ್ಯಾಚ್ ಕಾರ್ಡಿನಲ್ಲಾದರೆ ಸೋರುವ ಜಾಗ ಕೆಂಡದಂತೆ ಹೊಳೆಯುತ್ತದೆ. ಹೊರಗಿನ ಕಪ್ಪು ಹೊದಿಕೆಯೊಳಗೆ ಏನೇ ಸೋರಿದರೂ ಹೊರಗೆ ಕಾಣುವುದಿಲ್ಲ. ಎರಡು ಗಂಟೆ ಸೊಳ್ಳೆ ಕಚ್ಚಿಸಿಕೊಂಡ ಮೇಲೆ ಈ ಜ್ಞಾನೋದಯವಾಯಿತು.

ಸುಳಿವು ಸಿಕ್ಕಿದ್ದು ಹೋದ ಬುಧವಾರ. ಅಂದು ಮಧ್ಯಾಹ್ನ ಒಂದು ಸೋಗೆಯೂ ಅಲುಗದಷ್ಟು ಸೆಕೆ. ಕೆಂಪು ದೀಪವೂ ಹೊತ್ತಲಿಲ್ಲ. ಮಾರ್ಚಿನಲ್ಲಿ ಕಡಲ ಕಡೆಯ ಗಾಳಿ ನಮ್ಮ ಗುಡ್ಡೆ ಹತ್ತುವುದು ಮಧ್ಯಾಹ್ನದ ಮೇಲೆಯೇ. ಅಂದರೆ ಗಾಳಿಗೆ ಯಾವುದೋ ಮರ ತೂಗಿದಾಗ ಎಲ್ಲಿಯೋ ಕೇಬಲ್ಲು ಮುರುಟುತ್ತಿದೆ ಎಂದಾಯಿತು.

ಮರಗಳ ಬುಡಕ್ಕೆ ಸುಣ್ಣದಲ್ಲಿ ಅಂಕೆ ಬರೆದೆ. ಭಾವನನ್ನು ತೋಟಕ್ಕೆ ಅಟ್ಟಿ, ನಾನು ಜಗಲಿಯಲ್ಲಿ ಮೋಡೆಮ್ಮಿನ ಪುಟ ತೆರೆದು ಕುಳಿತೆ. ಅವನು ಒಂದು ಮರ ಅಲುಗಿಸಿ ಕೂ ಹಾಕಬೇಕು, ನಾನು ಅಂಕೆ ನೋಡಿ ತಿರುಗಿ ಕೂ ಹಾಕಬೇಕು. “ಭಾವಾ, ಮರ ಅಲ್ಲಾಡಿಸಿದರೆ ಇಂಟರ್ನೆಟ್ಟು ಉದುರುತ್ತದೆಯೋ?” ಎಂದು ಕೇಳುತ್ತಲೇ ಅವನು ಹದಿಮೂರು ಮರ ಮುಗಿಸಿದ. ಹದಿನಾಲ್ಕನೆಯದರಲ್ಲಿ ಮೈನಸ್ 24 ಇದ್ದದ್ದು 29ಕ್ಕೆ ಇಳಿದು, ಕೆಂಪು ದೀಪ ಹೊತ್ತಿ, ನಿಜವಾಗಿಯೂ ಇಂಟರ್ನೆಟ್ಟು ಉದುರಿತು.

ಏಣಿ ಇಟ್ಟು ಹತ್ತಿ ನೋಡಿದರೆ, ಹೆಚ್ಚಾಗಿ ಉಳಿದ ಕೇಬಲ್ಲನ್ನು ಸುಲಿದ ಅಡಿಕೆಯೊಂದು ಹಿಡಿಸುವಷ್ಟು ಸಣ್ಣ ಎರಡು ಸುತ್ತು ಸುತ್ತಿ, ಕಟ್ಟುವ ತಂತಿಯಿಂದ ಬಿಗಿದು, ತುದಿಯನ್ನು ಇಕ್ಕಳದಲ್ಲಿ ತಿರುಚಿದ್ದರು. ಮರ ತೂಗಿದಾಗಲೆಲ್ಲ ಆ ಸುತ್ತು ಇನ್ನಷ್ಟು ಬಿಗಿಯುತ್ತಿತ್ತು. ಹೊದಿಕೆಯ ಮೇಲೆ ಜಿ 652 ಡಿ ಎಂಬ ಫೈಬರ್ ದರ್ಜೆಯ ಅಚ್ಚು ಸ್ಪಷ್ಟವಾಗಿತ್ತು. 10 ಮಿಲಿಮೀಟರ್ ತ್ರಿಜ್ಯದ ಬಾಗನ್ನು ತಾಳುವುದು 657 ಎ1 ಎಂಬ ಬೇರೆ ದರ್ಜೆ. ಈ 652 ಡಿಗೆ 30 ಮಿಲಿಮೀಟರ್ ಬೇಕು. ತೋಟದ ನಡುವೆ ಎಳೆಯುವ ಕೇಬಲ್ಲಿನಲ್ಲಿ ಈ ನಾಲ್ಕು ಕಾಸಿನ ಉಳಿತಾಯ ಯಾರ ಬುದ್ಧಿಯೋ ತಿಳಿಯದು. ಮೇಲಾಗಿ, ಮನೆಯ ಕಡೆಗೆ ಬರುವ 1490 ನ್ಯಾನೋಮೀಟರ್ ಬೆಳಕು, ಮನೆಯಿಂದ ಹೋಗುವ 1310ರ ಬೆಳಕಿಗಿಂತ ಬಾಗಿನಲ್ಲಿ ಹೆಚ್ಚು ಸೋರುತ್ತದೆ. ಹಾಗಾಗಿ ಮೊದಲು ಕುರುಡಾಗುವುದು ನಮ್ಮ ಮೋಡೆಮ್ಮೇ.

ತಂತಿ ಕತ್ತರಿಸಿ, ಉಳಿಕೆಯನ್ನು ಒಂದು ಗೇಣಗಲದ ಸುರುಳಿ ಮಾಡಿ ತೆಂಗಿನ ಹಗ್ಗದಲ್ಲಿ ಸಡಿಲವಾಗಿ ತೂಗಿಸಿದೆ. ಎಳೆತವನ್ನು ಕೇಬಲ್ಲಿನ ಉಕ್ಕಿನ ಎಳೆಯೇ ಹೊರುವಂತೆ ಅದನ್ನು ಮಾತ್ರ ಕೊಕ್ಕೆಗೆ ಬಿಗಿದೆ. ಈಗ ಜಗಲಿಯಲ್ಲಿ ಮೈನಸ್ 21.3, ಗಾಳಿಯಲ್ಲಿಯೂ 21.5 ದಾಟಿಲ್ಲ.

ಮರಕ್ಕೆ ಕಟ್ಟದೆ ಉಳಿದ ಅರುವತ್ತು ಮೀಟರ್ ಕೇಬಲ್ಲಿನ ಸುರುಳಿಯನ್ನು ಕಂಡಾಗಿನಿಂದ ನಮ್ಮ ನೀರಿನ ಸುರಂಗದ ನೆನಪು ಕಾಡುತ್ತಿದೆ. ಮುರಕಲ್ಲಿನ ಗುಡ್ಡದೊಳಗಿನಿಂದ ಬರುವ ನೀರು ಬೇಸಗೆಯಲ್ಲಿ ಸಣ್ಣದಾಗುವಾಗ ಅದರ ಟ್ಯಾಂಕಿಯ ಮಟ್ಟವನ್ನು ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪೊಂದರಿಂದ ಅಳೆದು ಮನೆಯಲ್ಲಿಯೇ ನೋಡಬೇಕೆಂಬ ಆಸೆ ಹಳೆಯದು. ಹಸಿ ಸೋಗೆಗಳ ನಡುವೆ ವೈಫೈ ಅಷ್ಟು ದೂರ ನಿಲ್ಲದು, ಕೇಬಲ್ಲಾದರೆ ತಲುಪುತ್ತದೆ. ಆದರೆ ಈ 652 ಡಿಯನ್ನು ನಂಬಿ ಮತ್ತೆ ಮರ ಹತ್ತುವ ಧೈರ್ಯ ಇನ್ನೂ ಬಂದಿಲ್ಲ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಫೈಬರಿನಲ್ಲಿ ವಿದ್ಯುತ್ ಹರಿಯದಿದ್ದರೂ ಅದರ ಜೊತೆಗಿರುವ ಉಕ್ಕಿನ ಎಳೆಯಲ್ಲಿ ಹರಿಯುತ್ತದೆ, ಆ ಎಳೆಯನ್ನು ಅವರು ಮೋಡೆಮ್ಮಿನ ಪಕ್ಕದ ಗೋಡೆಯವರೆಗೂ ತಂದಿದ್ದಾರೆ. ವಿಷುವಿನ ನಂತರದ ಸಿಡಿಲು ಶುರುವಾಗುವ ಮುನ್ನ ಅದನ್ನು ಇಪ್ಪತ್ತೊಂದನೆಯ ಮರದಲ್ಲಿಯೇ ಕತ್ತರಿಸಿ ನಿಲ್ಲಿಸಬೇಕು. ಒಂಬತ್ತು ಮತ್ತು ಹದಿನೇಳನೆಯ ಮರಗಳಲ್ಲಿಯೂ ಕಟ್ಟುವ ತಂತಿ ಕಾಣುತ್ತಿದೆ. ಭಾವ ಭಾನುವಾರ ಬರುತ್ತೇನೆಂದಿದ್ದಾನೆ.