‘ಕರೆಂಟ್ ಯಾಕ್ರೀ ತೆಗೆದ್ರಿ?’ ಅಂತ ಕೇಳುವವರಿಗೆ

ವಾಕಿಂಗ್ ಹೋದರೆ ಪಾರ್ಕಿನಲ್ಲಿ ಕೇಳುತ್ತಾರೆ. ಕಟಿಂಗ್ ಶಾಪ್‌ಗೆ ಹೋದರೆ ಕಿವಿಯ ಹತ್ತಿರ ಕತ್ತರಿ ಹಿಡಿದುಕೊಂಡು ಕೇಳುತ್ತಾರೆ. ‘ಸಾರ್, ನೀವು ಕೆಇಬಿಯವರಲ್ವಾ? ನಿನ್ನೆ ರಾತ್ರಿ ಯಾಕೆ ಕರೆಂಟ್ ತೆಗೆದ್ರಿ?’

ನಾನು ರಿಟೈರ್ ಆಗಿ ಆರು ವರ್ಷವಾಯಿತು. ಕೆಲಸದಲ್ಲಿದ್ದಾಗಲೂ ನಿಮ್ಮ ಬೀದಿಯ ಕರೆಂಟ್ ನನ್ನ ಕೈಯಲ್ಲಿ ಇರಲಿಲ್ಲ. ಲೋಡ್ ಡಿಸ್ಪ್ಯಾಚ್ ಸೆಂಟರ್‌ನಲ್ಲಿ ಶಿಫ್ಟ್ ಇಂಜಿನಿಯರ್ ಆಗಿದ್ದೆ. ಇಡೀ ರಾಜ್ಯದಲ್ಲಿ ಈ ಕ್ಷಣ ಎಷ್ಟು ವಿದ್ಯುತ್ ಹುಟ್ಟುತ್ತಿದೆ, ಎಷ್ಟು ಖರ್ಚಾಗುತ್ತಿದೆ ಎಂದು ನೋಡುತ್ತಾ, ಎರಡನ್ನೂ ಸರಿದೂಗಿಸುತ್ತಾ ಕೂರುವ ಕೆಲಸ ಅದು. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹವನ್ನೇ ವಾಟ್ಸಾಪ್ ಮಾಡುತ್ತೇನೆ. ಓದದಿದ್ದರೆ ಅವರ ಹಣೆಬರಹ.

ಮೊದಲು ನಿಮ್ಮ ಮಾತನ್ನೇ ಹಿಡಿಯುತ್ತೇನೆ. ಕರೆಂಟ್ ಬಂದಾಗ ‘ಬಂತು’ ಅನ್ನುತ್ತೀರಿ, ಮಳೆ ಬಂದ ಹಾಗೆ. ಹೋದಾಗ ಮಾತ್ರ ‘ತೆಗೆದ್ರು’. ಆ ‘ರು’ ಯಾರು ಸ್ವಾಮಿ? ಬರುವಾಗ ಯಾರೂ ಕಳಿಸಿರುವುದಿಲ್ಲ. ಹೋಗುವಾಗ ಯಾರೋ ಒಬ್ಬರು ಕಾಲ ಮೇಲೆ ಕಾಲು ಹಾಕಿ ಕೂತು, ನಿಮ್ಮ ಧಾರಾವಾಹಿಯ ಟೈಮ್ ನೋಡಿಕೊಂಡೇ ತೆಗೆದಿರುತ್ತಾರೆ.

ನನ್ನ ಷಡ್ಡಕನ ಮಗಳ ಆರತಕ್ಷತೆ. ಹುಡುಗನ ಕಡೆಯವರು ಸ್ಟೇಜ್ ಹತ್ತುತ್ತಿದ್ದಾರೆ, ದೀಪ ಆರಿತು. ಕತ್ತಲಲ್ಲೂ ಗೊತ್ತಾಯಿತು, ಐನೂರು ಜನ ನನ್ನ ಕಡೆಗೇ ತಿರುಗಿದರು. ಷಡ್ಡಕ ಓಡಿ ಬಂದು, ‘ಏನ್ರೀ ಇದು, ನಿಮ್ಮವರು ಇವತ್ತೇ ತೆಗೀಬೇಕಿತ್ತಾ? ಒಂದು ಫೋನ್ ಮಾಡ್ರೀ’ ಎಂದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಎದುರಿನ ಬೇಕರಿ ಝಗಮಗ ಅನ್ನುತ್ತಿದೆ. ಬೀದಿ ದೀಪವೂ ಉರಿಯುತ್ತಿದೆ. ಅಡುಗೆಯವರು ದೋಸೆ ಕೌಂಟರ್‌ಗೆಂದು ದೊಡ್ಡ ದೊಡ್ಡ ಎಲೆಕ್ಟ್ರಿಕ್ ಒಲೆಗಳನ್ನೆಲ್ಲ ಒಂದೇ ಲೈನಿಗೆ ಹಾಕಿ, ಹಾಲ್‌ನ ಮೇನ್ ಟ್ರಿಪ್ ಆಗಿತ್ತು. ನಾನೇ ಹೋಗಿ ಎತ್ತಿದೆ. ದೀಪ ‘ಬಂತು’. ಯಾರೂ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಷಡ್ಡಕ ಈಗಲೂ ಆ ಕತೆಯನ್ನು ‘ಇವರ ಡಿಪಾರ್ಟ್‌ಮೆಂಟ್‌ನವರು ತೆಗೆದಾಗ’ ಎಂದೇ ಶುರು ಮಾಡುತ್ತಾರೆ.

ಮನೆಯಲ್ಲಿ ಕರೆಂಟ್ ಹೋಗುವುದು ಬಹಳ ಸಲ ನಿಮ್ಮ ಹತ್ತಿರದ ಕಾರಣಕ್ಕೇ. ಕೊಂಬೆ ಬಿದ್ದಿರುತ್ತದೆ, ಕಂಬದ ಮೇಲೆ ಲೈನ್ ಜೋಡಿಸುವ ತಂತಿ, ಅಂದರೆ ಜಂಪ್, ಕಟ್ ಆಗಿರುತ್ತದೆ, ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟಿರುತ್ತದೆ, ಇಲ್ಲವೇ ಲೈನ್‌ಮನ್ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿಸಿ ಕೆಲಸ ಮಾಡುವ ಅನುಮತಿ, ತೆಗೆದುಕೊಂಡು ಕಂಬದ ಮೇಲೆ ಇರುತ್ತಾನೆ. 1912ಕ್ಕೆ ಫೋನ್ ಮಾಡಿ. ನನಗೆ ಬೇಡ.

ಇನ್ನು ‘ಕೆಇಬಿ’, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ. ಅದು ಹೋಗಿ ಇಪ್ಪತ್ತೈದು ವರ್ಷ ದಾಟಿತು. 1999ರ ಆಗಸ್ಟ್‌ನಲ್ಲಿ ಮಂಡಳಿ ಮುಚ್ಚಿ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ಮನೆಮನೆಗೆ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳ ಪಾಲಾಯಿತು. ಮೈಸೂರು ಕಡೆಯದು ಆಮೇಲೆ ಬೇರೆಯಾಯಿತು. ಹುಟ್ಟಿಸುವುದು ಕೆಪಿಸಿ ಮತ್ತು ಇತರರು. ದೊಡ್ಡ ಲೈನ್ ಎಳೆಯುವುದು ಕೆಪಿಟಿಸಿಎಲ್. ದರ ಹೇಳುವುದು, ಯಾರಿಂದ ಎಷ್ಟಕ್ಕೆ ಕೊಳ್ಳಬಹುದು ಎಂದು ಒಪ್ಪಿಗೆ ಕೊಡುವುದು ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಹಳೇ ಮಂಡಳಿ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬೈಯೋಕೆ ಒಂದೇ ವಿಳಾಸ ಇತ್ತು, ಅಷ್ಟೇ.

ಹಾಗಾದರೆ ನೀವು ತೆಗೆಯುವುದೇ ಇಲ್ವಾ? ತೆಗೆಯುತ್ತೇವೆ. ಸುಳ್ಳು ಯಾಕೆ ಹೇಳಲಿ. ಗ್ರಿಡ್‌ಗೆ, ಅಂದರೆ ದೊಡ್ಡ ಲೈನುಗಳೆಲ್ಲ ಕೂಡಿದ ಜಾಲಕ್ಕೆ, ಸೇರಿದ ಟರ್ಬೈನ್‌ಗಳೆಲ್ಲ ಒಂದೇ ತಾಳಕ್ಕೆ ತಿರುಗಬೇಕು. ಶರಾವತಿಯದೂ ಅದೇ ತಾಳ, ರಾಯಚೂರಿನದೂ ಅದೇ ತಾಳ. ಆ ತಾಳದ ಅಳತೆ 50 ಹರ್ಟ್ಸ್. ಖರ್ಚು ಜಾಸ್ತಿಯಾಗಿ ಉತ್ಪಾದನೆ ಸಾಲದಿದ್ದರೆ ತಾಳ ನಿಧಾನವಾಗುತ್ತದೆ. ತೀರಾ ಇಳಿದರೆ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಆಮೇಲೆ ಎಲ್ಲರಿಗೂ ಕತ್ತಲು. ಅದಕ್ಕೂ ಮೊದಲು ಕೆಲವು ಫೀಡರ್, ಅಂದರೆ ಊರು ಬೀದಿಗಳಿಗೆ ಕರೆಂಟ್ ಒಯ್ಯುವ ಲೈನ್, ಬಿಡಿಸಬೇಕು.

ಬಿಡಿಸದಿದ್ದರೆ ಏನಾಗುತ್ತದೆ ಎಂದು 2012ರಲ್ಲಿ ನೋಡಿದೆವು. ಜುಲೈ 30ರ ಬೆಳಗಿನ ಜಾವ ಎರಡೂವರೆಗೆ ಉತ್ತರದ ಗ್ರಿಡ್ ಬಿತ್ತು. ಮಾರನೇ ದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಗೂ ಜಾಸ್ತಿ ಜನ ಇರುವ ಪ್ರದೇಶ. ಎರಡು ದಿನವೂ ಶುರುವಾದದ್ದು ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆಗಿ. ಕಾರಣ ಹುಡುಕಿದ ಸಮಿತಿ ಇನ್ನೊಂದು ಮಾತನ್ನೂ ಬರೆಯಿತು. ಪಾಲಿಗಿಂತ ಜಾಸ್ತಿ ಎಳೆಯಬೇಡಿ ಅಂತ ಮೇಲಿನ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಸೆಂಟರ್ ಹೇಳುತ್ತಲೇ ಇತ್ತು, ರಾಜ್ಯಗಳ ಸೆಂಟರ್‌ಗಳು ಸರಿಯಾಗಿ ಕೇಳಲಿಲ್ಲ. ದಕ್ಷಿಣದ ಗ್ರಿಡ್ ಆಗ ಬೇರೆ ತಾಳದಲ್ಲಿತ್ತು, ನಾವು ಬಚಾವಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಮೂಲಕ ನಮ್ಮನ್ನೂ ಸೇರಿಸಿದರು. ಅವತ್ತಿನಿಂದ ಇಡೀ ದೇಶ ಒಂದೇ ತಾಳ. ಈಗ ಎಲ್ಲೋ ಯಾರೋ ಮಾತು ಕೇಳದಿದ್ದರೆ ಅದು ನಮ್ಮ ತಲೆನೋವೂ ಹೌದು.

ಮಾತು ಕೇಳದಿದ್ದರೆ ಶಿಕ್ಷೆ ಏನು ಗೊತ್ತಾ? 2003ರ ವಿದ್ಯುತ್ ಕಾಯ್ದೆ ತೆಗೆದು ನೋಡಿ. ಪ್ರಾದೇಶಿಕ ಸೆಂಟರ್‌ನ ಆದೇಶ ಮೀರಿದರೆ ಹೆಚ್ಚೆಂದರೆ 15 ಲಕ್ಷ ದಂಡ. ರಾಜ್ಯದ ಸೆಂಟರ್‌ನ ಆದೇಶ ಮೀರಿದರೆ 5 ಲಕ್ಷ. ಷಡ್ಡಕನ ಮಗಳ ಮದುವೆಯ ಹಾಲ್, ಹೂವು, ಊಟ ಸೇರಿಸಿದರೆ ಅದಕ್ಕಿಂತ ಜಾಸ್ತಿಯಾಗಿತ್ತು. ಅಮೆರಿಕದಲ್ಲಿ 2003ರ ಆಗಸ್ಟ್‌ನಲ್ಲಿ ಅಂಥದ್ದೇ ಕತ್ತಲಾಯಿತು. ಓಹಿಯೋದಲ್ಲಿ ಲೈನುಗಳು ಬೆಳೆದ ಮರಗಳಿಗೆ ತಾಗಿದ್ದೂ ಅದಕ್ಕೊಂದು ಕಾರಣ. ಅಲ್ಲಿಯವರೆಗೆ ಗ್ರಿಡ್ ನಿಯಮಗಳನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. 2005ರಲ್ಲಿ ಕಾನೂನು ತಂದು ಅದನ್ನು ಕಡ್ಡಾಯ ಮಾಡಿದರು. ಮುರಿದರೆ ಒಂದು ತಪ್ಪಿಗೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ ಇಟ್ಟರು. ಮರ ಕಡಿಯುವುದು ಆಮೇಲೆ ಯಾರಿಗೂ ಮರೆಯಲಿಲ್ಲ ಅಂತ ಕಾಣುತ್ತದೆ.

ನೀವು ನನ್ನನ್ನು ಕೇಳಬೇಕಿದ್ದದ್ದು ಬೇರೆ. ಹತ್ತು ವರ್ಷದ ಮೇಲೆ ಕರೆಂಟ್ ಸಾಕಾಗುತ್ತಾ ಅಂತ ಇವತ್ತು ಯೋಚನೆ ಮಾಡುವ ಕೆಲಸ ಯಾರದು? ಮೂವತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಪಾವಗಡದಲ್ಲಿ 2019ರ ಕೊನೆಗೆ 2,050 ಮೆಗಾವ್ಯಾಟ್ ಸೋಲಾರ್ ಎದ್ದು ನಿಂತಿತು. ಒಳ್ಳೆಯದೇ. ಸಂಜೆ ಆರೂವರೆಗೆ ಅದು ಸೊನ್ನೆ. ಸರಿಯಾಗಿ ಆ ಹೊತ್ತಿಗೇ ನೀವು ಮನೆಗೆ ಬಂದು ಎಲ್ಲ ಸ್ವಿಚ್ ಹಾಕುತ್ತೀರಿ. ಆಗ ಶರಾವತಿಯ ನೀರು ಓಡಬೇಕು. 2023ರಲ್ಲಿ ಮಳೆಯೇ ಕೈಕೊಟ್ಟಿತು. ಅಕ್ಟೋಬರ್‌ನಲ್ಲಿ ರೈತರಿಗೆ ಕೊಡುವ ತ್ರೀ ಫೇಸ್ ಕರೆಂಟ್‌ನ ಗಂಟೆಗಳು ಇಳಿದವು. ಖಾಸಗಿಯವರು ಹೊರಗೆ ಮಾರಬಾರದು, ರಾಜ್ಯಕ್ಕೇ ಕೊಡಬೇಕು ಎಂದು ಸರ್ಕಾರ ಕಾಯ್ದೆಯ 11ನೇ ಸೆಕ್ಷನ್ ಎತ್ತಿಕೊಂಡಿತು.

ಇಂಥ ವರ್ಷದಲ್ಲಿ ಫೈಲ್ ತೆಗೆದರೆ ಪ್ರತಿಯೊಬ್ಬರ ಹತ್ತಿರವೂ ‘ನಾವು ಮೊದಲೇ ಬರೆದಿದ್ದೆವು’ ಅನ್ನುವ ಪತ್ರ ಇರುತ್ತದೆ. ಪಾಲಾದ ಮನೆಯಲ್ಲಿ ಸೂರು ಸೋರಿದರೆ ಅಣ್ಣತಮ್ಮಂದಿರು ಮಾತಾಡುವ ಹಾಗೆ. ಫ್ಯೂಸ್ ಹಾಕಲು ತಡ ಮಾಡಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಅಂತ ಕಾನೂನು ಇದೆ. ಹೊಸ ಲೈನ್ ಬಗ್ಗೆ ಐದು ವರ್ಷ ತಡವಾಗಿ ಯೋಚಿಸಿದರೆ ಯಾರೂ ಯಾರಿಗೂ ಕೊಡಬೇಕಿಲ್ಲ. 2022ರ ಕೊನೆಗೆ ಕೇಂದ್ರ ಸರ್ಕಾರ ಒಂದು ನಿಯಮ ತಂದಿದೆ. ಅದರ ಅಡಿಯ ಮಾರ್ಗಸೂಚಿಯ ಪ್ರಕಾರ ಎಸ್ಕಾಂಗಳು, ಅಂದರೆ ಬೆಸ್ಕಾಂನಂಥ ಹಂಚುವ ಕಂಪನಿಗಳು, ಮುಂದಿನ 10 ವರ್ಷದ ಬೇಡಿಕೆಗೆ ತಕ್ಕ ವಿದ್ಯುತ್ತಿನ ಲೆಕ್ಕ ಇಟ್ಟುಕೊಂಡು, ಪ್ರತಿ ವರ್ಷ ಅದನ್ನು ತಿದ್ದುತ್ತಾ ಹೋಗಬೇಕು. ಆ ಲೆಕ್ಕ ತಪ್ಪಿದರೆ ಯಾರ ತಲೆ ಹೋಗುತ್ತದೆ ಅಂತ ಕೇಳಿ ನೋಡಿ. ಕೆಇಆರ್‌ಸಿ ದರದ ವಿಚಾರಣೆ ಬಹಿರಂಗವಾಗಿಯೇ ನಡೆಸುತ್ತದೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಪಾರ್ಕಿನಲ್ಲಿ ನನ್ನ ಜೀವ ತಿನ್ನುವ ಬದಲು ಅಲ್ಲಿ ಹೋಗಿ ಕೇಳಿ.

ನಾನೇ ತೆಗೆಸಿದ್ದು ಇದೆಯಾ? ಇದೆ. 2002ರ ಬೇಸಿಗೆ, ರಾತ್ರಿ ಶಿಫ್ಟ್. ತಾಳ 48ರ ಹತ್ತಿರಕ್ಕೆ ಇಳಿದಿತ್ತು. ಪಟ್ಟಿ ಹಿಡಿದು ಒಂದೊಂದೇ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಫೀಡರ್ ಬಿಡಿಸಿದೆ. ತುರುವೇಕೆರೆ ಕಡೆಯದೊಂದು ಸ್ಟೇಷನ್ ಅದರಲ್ಲಿತ್ತು. ಹೆಂಡತಿಯ ತವರು ಆ ಕಡೆ. ಬೆಳಿಗ್ಗೆ ಮನೆಗೆ ಬಂದರೆ ಅತ್ತೆಯವರ ಫೋನು. ರಾತ್ರಿಯಿಡೀ ಸೆಖೆ, ಸೊಳ್ಳೆ, ಮಗು ನಿದ್ದೆ ಮಾಡಲಿಲ್ಲವಂತೆ. ‘ಯಾರು ತೆಗೆದ್ರೋ ಏನೋ, ಅವರ ಮನೆ ಹಾಳಾಗ’ ಎಂದರು. ಆ ಮನೆಯಲ್ಲಿ ಅವರ ಮಗಳೂ ಇದ್ದಾಳೆ ಅಂತ ನಾನು ಹೇಳಲಿಲ್ಲ.